ಗೋಡೆಯಾಚೆಯ ನಾಲ್ಕು ತಂತಿ

ಲಿಫ್ಟು ಸದ್ದು ಮಾಡುತ್ತಿದೆ ಅಂತ ದೂರು ಬಂದರೆ ಬೇರೆ ಮೆಕ್ಯಾನಿಕ್ಕುಗಳು ಹೋಗಿ ಮೊದಲು ಬೀಗ ತೆಗೆಯುತ್ತಾರೆ, ಟಾರ್ಚು ಹಾಕುತ್ತಾರೆ, ಲಿಫ್ಟು ಮಾಡಿದವನ ವಂಶವನ್ನು ಜಾಲಾಡುತ್ತಾರೆ. ಎಲ್ಲರೂ ಲಿಫ್ಟಕ್ಕ ಎಂದು ಕರೆಯುವ ಇವಳು ಮೊದಲು ಗೋಡೆಗೆ ಅಂಗೈ ಇಡುತ್ತಾಳೆ. ಸುತ್ತ ನಿಂತವರು ಬಾಯಿ ಮುಚ್ಚಬೇಕು. ಪೆಟ್ಟಿಗೆಯನ್ನು ಒಂದು ಸಲ ಮೇಲಿಂದ ಕೆಳಗೆ ಓಡಿಸಿದರೆ ಸಾಕು, "ಮೂರನೇ ಮಹಡಿ ದಾಟುವಾಗ ಎಡಗಡೆ ಹಳಿ ಉಜ್ಜುತ್ತಿದೆ" ಎಂದೋ, "ನೆತ್ತಿಯ ಮೇಲಿನ ಗಾಲಿಯ ಬೇರಿಂಗು ಹೋಗಿದೆ" ಎಂದೋ ಕಣ್ಣು ಮುಚ್ಚಿಕೊಂಡೇ ಹೇಳಿಬಿಡುತ್ತಾಳೆ. ಬಿಚ್ಚಿ ನೋಡಿದರೆ ಹಾಗೇ ಇರುತ್ತದೆ. ಜೊತೆಗಾರರು ಮೂಗಿನ ಮೇಲೆ ಬೆರಳಿಟ್ಟುಕೊಳ್ಳುತ್ತಾರೆ.

ಈ ವಿದ್ಯೆಯನ್ನು ಅವಳಿಗೆ ಯಾವ ಮೇಷ್ಟರೂ ಹೇಳಿಕೊಡಲಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಹಾಸಿಗೆಯ ಪಕ್ಕದ ಗೋಡೆ ಹೇಳಿಕೊಟ್ಟಿತು.

ಅವಳ ಮನೆ ನಾಲ್ಕನೇ ಮಹಡಿಯಲ್ಲಿ. ರೈಲುಡಬ್ಬಿಗಳ ಹಾಗೆ ಸಾಲಾಗಿ ಮೂರು ಕೋಣೆ. ಒಂದು ತುದಿಯದು ಅಮ್ಮನ ಹೊಲಿಗೆ ಕೋಣೆ, ಇನ್ನೊಂದು ತುದಿಯದು ಲಿಫ್ಟಕ್ಕ ಮಲಗುವ ಕೋಣೆ. ನಡುವಿನದು ದೊಡ್ಡಕ್ಕನದು. ಅಪ್ಪ ಗೋಡೆಯ ಮೇಲಿನ ಫೋಟೋ ಆಗಿ ಎಷ್ಟೋ ವರ್ಷವಾಗಿತ್ತು. ಅಮ್ಮ ಹೊಲಿದು ಹೊಲಿದು ಇಬ್ಬರನ್ನು ಸಾಕಿದಳು.

ದೊಡ್ಡಕ್ಕ ತಂಗಿ ಲಿಫ್ಟಕ್ಕನಿಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಅವಳೂ ಇಬ್ಬರು ಗೆಳೆಯರೂ ಸೇರಿ ಪಂಕ್ ಸಂಗೀತದ ತಂಡ ಕಟ್ಟಿದ್ದರು. ಪಂಕ್ ಅಂದರೆ ಮೂರೇ ಸ್ವರ, ಎರಡೇ ನಿಮಿಷ, ಒಲೆಯ ಮೇಲಿನ ಹಾಲಿನಂತೆ ಉಕ್ಕುವ ಸಿಟ್ಟು. ಅಕ್ಕನ ಕೈಯಲ್ಲಿ ಬೇಸ್ ಗಿಟಾರು. ನಾಲ್ಕೇ ತಂತಿ, ಒಂದೊಂದೂ ಹಗ್ಗದಷ್ಟು ದಪ್ಪ. ನಡುಕೋಣೆಯಲ್ಲಿ ಅಭ್ಯಾಸ ಮಾಡುವಾಗ ಅಕ್ಕಪಕ್ಕದವರು ಬೈಯುತ್ತಾರೆಂದು ಹಾಡುವವನು ಪಿಸುಗುಟ್ಟುತ್ತಿದ್ದ. ಡ್ರಮ್ಮಿನವನು ಬಟ್ಟೆ ಸುತ್ತಿದ ಬಕೆಟ್ಟು ಬಡಿಯುತ್ತಿದ್ದ. ಬೇಸ್ ಗಿಟಾರಿಗೆ ಮಾತ್ರ ಒಂದು ಪುಟ್ಟ ಸ್ಪೀಕರು ಪೆಟ್ಟಿಗೆ ಇತ್ತು. ಹಾಗಾಗಿ ಗೋಡೆ ದಾಟಿ ತಂಗಿಯ ಕೋಣೆಗೆ ಬರುತ್ತಿದ್ದದ್ದು ಆ ನಾಲ್ಕು ತಂತಿಯ ಸದ್ದು ಒಂದೇ. ಶಾಲೆಯಿಂದ ಬಂದವಳೇ ಗೋಡೆಗೆ ಕೆನ್ನೆ ಒತ್ತಿ ಮಲಗುತ್ತಿದ್ದಳು. ಅಕ್ಕನ ಹಾಡುಗಳ ಮಾತು ಏನೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಹಾಡುಗಳ ಬುಡ ಮಾತ್ರ ಗೊತ್ತು.

ಅದರಲ್ಲೂ ಒಂದು ಹಾಡು ಪ್ರಾಣ. ಎಂಟು ಸುತ್ತು ದಡದಡ ಓಡುವುದು, ಗಕ್ಕನೆ ನಿಲ್ಲುವುದು, ಆ ನಿಲುಗಡೆಯಲ್ಲಿ ಎಲ್ಲಿಂದಲೋ ಒಂದೇ ಒಂದು "ಧಡ್" ಬೀಳುವುದು, ಮತ್ತೆ ಓಟ. ಆ ಧಡ್ ಬರುವುದನ್ನೇ ಅವಳು ಉಸಿರು ಬಿಗಿಹಿಡಿದು ಕಾಯುತ್ತಿದ್ದಳು.

ಆಮೇಲೆ ಒಂದು ಬೆಳಿಗ್ಗೆ ಮಾತಿಗೆ ಮಾತು ಬೆಳೆಯಿತು. ಅಕ್ಕ ಪರೀಕ್ಷೆಗೆ ಹೋಗದೆ ಪಕ್ಕದೂರಿಗೆ ಹಾಡಲು ಹೋಗಿದ್ದು ಬಯಲಾಗಿತ್ತು. ಅಮ್ಮ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಹಿಡಿದು ನಡುಕೋಣೆಗೆ ನುಗ್ಗಿದವಳು ಬೇಸಿನ ತಂತಿಗಳಿಗೆ ಕತ್ತರಿಯ ಬಾಯಿ ಹಾಕಿಯೇಬಿಟ್ಟಳು. ತೆಳ್ಳನೆಯವು ಎರಡು ಟಣ್ ಟಣ್ ಎಂದು ಹರಿದವು. ದಪ್ಪನೆಯವು ಎರಡು ಹರಿಯಲಿಲ್ಲ, ಕತ್ತರಿಯ ಅಲಗನ್ನೇ ಕಚ್ಚಿದವು. ಚಿಕ್ಕವಳು ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಅಕ್ಕ ಅಳಲಿಲ್ಲ, ಕೂಗಲಿಲ್ಲ. ಮಾರನೇ ದಿನ ಹರಿದ ತಂತಿಯ ಬೇಸನ್ನು ಬೆನ್ನಿಗೆ ಹಾಕಿಕೊಂಡು ಹೊರಟೇಹೋದಳು.

ಅದಕ್ಕೆ ಈಗ ಮೂವತ್ತನಾಲ್ಕು ವರ್ಷ. ತಂಡ ಊರೂರು ಸುತ್ತಿ ಕೊನೆಗೆ ಒಡೆಯಿತು. ಅಕ್ಕ ದೂರದ ಹಡಗುಕಟ್ಟೆಯ ಊರಲ್ಲಿ ಬೇಕರಿ ಕೆಲಸಕ್ಕೆ ಸೇರಿದಳು. ವರ್ಷಕ್ಕೊಮ್ಮೆ ತಂಗಿಗೆ ಫೋನು ಮಾಡುತ್ತಾಳೆ. ಬ್ರೆಡ್ಡಿನ ಒಲೆ, ಮೊಣಕಾಲು ನೋವು, ಹವಾಮಾನ, ಎಲ್ಲ ಆದ ಮೇಲೆ ಕೊನೆಗೊಂದು ಪ್ರಶ್ನೆ.

"ಅಮ್ಮ ಕರೆದಳಾ?"

"ಇಲ್ಲ ಕಣಕ್ಕಾ."

"ಸರಿ ಬಿಡು. ಕರೆದ್ರೆ ಬರ್ತೀನಿ."

ಅಮ್ಮನ ಹತ್ತಿರ ಆ ಮಾತೆತ್ತಿದರೆ ಅವಳದು ಇನ್ನೊಂದು ಪಟ್ಟು. "ನಾನೇನು ಹೋಗು ಅಂದಿದ್ನಾ? ಹೋದೋಳಿಗೆ ದಾರಿ ಗೊತ್ತು." ಇಷ್ಟು ಹೇಳಿ ಹೊಲಿಗೆ ಯಂತ್ರದ ಮೇಲೆ ಬಗ್ಗಿದಳೆಂದರೆ ಮುಗಿಯಿತು, ಬಾಯಿಗೆ ಬೀಗ. ಅಷ್ಟು ವರ್ಷದಲ್ಲಿ ದೊಡ್ಡ ಮಗಳ ಹೆಸರು ಅವಳ ಬಾಯಲ್ಲಿ ಬಂದದ್ದೇ ಇಲ್ಲ. ಆದರೆ ಕತ್ತರಿಯ ಅಲಗಿನಲ್ಲಿ ಆವತ್ತು ಬಿದ್ದ ಎರಡು ಕಚ್ಚುಗಳನ್ನು ಸಾಣೆ ಹಿಡಿಸಲಿಲ್ಲ. ಬಟ್ಟೆ ಕತ್ತರಿಸುವಾಗ ಆ ಜಾಗಕ್ಕೆ ಬಂದರೆ ನೂಲು ಸಿಕ್ಕಿಕೊಳ್ಳುತ್ತದೆ. ಬಿಡಿಸಿಕೊಂಡು ಮುಂದೆ ಹೋಗುತ್ತಾಳೆ. ಹಾಗೇ ಹೊಲಿಗೆ ಕೋಣೆಯ ಗೋಡೆಯಲ್ಲಿ ಯಂತ್ರದ ಮೇಲ್ಗಡೆ ಒಂದು ಗುಳಿ. ಗಾರೆಯವರು ಮುಚ್ಚಲು ಹೋದರೆ, "ಅದು ಹಾಗೇ ಇರ್ಲಿ, ನಿಮಗ್ಯಾಕೆ" ಎಂದು ಗದರಿಸಿದ್ದಳು. ಯಂತ್ರದ ಚಕ್ರ ತಾಗಿ ಆದದ್ದೆಂದು ಲಿಫ್ಟಕ್ಕ ತಿಳಿದಿದ್ದಳು.

ಇಬ್ಬರು ಹಟಮಾರಿಗಳ ನಡುವೆ ಗೋಡೆಯಾಗಿ ಬದುಕುವುದು ಅಭ್ಯಾಸವಾಗಿಹೋಗಿತ್ತು. ಅಷ್ಟರಲ್ಲಿ ಅಮ್ಮನಿಗೆ ಕಿವಿ ಮಂದವಾಗತೊಡಗಿತು. ಮೊದಲು ಕರೆಗಂಟೆ ಕೇಳಿಸದಾಯಿತು, ಆಮೇಲೆ ಫೋನಿನಲ್ಲಿ ಆಡುವ ಮಾತು. ಡಾಕ್ಟರು ಕಿವಿಗೆ ಹಾಕುವ ಯಂತ್ರ ಕೊಟ್ಟರು. ಅಮ್ಮ ಅದನ್ನು ಗುಂಡಿ ಡಬ್ಬಿಯಲ್ಲಿ ಹಾಕಿಟ್ಟಳು.

"ತೆಳು ಸದ್ದು ಮೊದಲು ಹೋಗುತ್ತೆ," ಎಂದು ಡಾಕ್ಟರು ಲಿಫ್ಟಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದರು. "ದಪ್ಪ ಸದ್ದು ಕೊನೇವರೆಗೂ ಇರುತ್ತೆ. ಅದೂ ಎಷ್ಟು ದಿನ ಅಂತ ಹೇಳೋಕಾಗಲ್ಲ."

ಆವತ್ತು ಮನೆಗೆ ಬಂದು ಲಿಫ್ಟಕ್ಕ ಲೆಕ್ಕ ಹಾಕಿದಳು. ಅಮ್ಮ ಇನ್ನು ಫೋನಿನಲ್ಲಿ ಅಕ್ಕನ ದನಿ ಕೇಳಲಾರಳು. ಕರೆಯುವುದಂತೂ ದೂರದ ಮಾತು. ಆದರೆ ದಪ್ಪ ಸದ್ದು ಉಳಿದಿದೆ. ಅಕ್ಕನ ಆ ಹಾಡು, ಆ ಬುಡದ ಸದ್ದು, ಒಂದೇ ಒಂದು ಸಲ ಈ ಮನೆಯಲ್ಲಿ ಮೊಳಗಿದರೆ ಅಮ್ಮನೊಳಗಿನ ಕಲ್ಲು ಅಲ್ಲಾಡೀತೇ? "ಬಾ" ಎನ್ನುವ ಒಂದಕ್ಷರ ಹೊರಟೀತೇ? ಕಿವಿ ಪೂರ್ತಿ ಮುಚ್ಚುವ ಮೊದಲು ಅದು ಆಗಬೇಕು. ನಲವತ್ತಮೂರರ ಪ್ರಾಯದಲ್ಲಿ, ಸರಿಗಮ ಗೊತ್ತಿಲ್ಲದ ಹೆಂಗಸು, ಬೇಸ್ ಗಿಟಾರು ಕೊಳ್ಳಲು ಹೊರಟಳು.

ಹಳೆಯ ವಾದ್ಯಗಳ ಅಂಗಡಿ ಸೈಕಲ್ ರಿಪೇರಿಯವನ ಪಕ್ಕದಲ್ಲಿತ್ತು. ಅಂಗಡಿಯಜ್ಜ ಅವಳ ಉಗುರಿನ ಗ್ರೀಸು ನೋಡಿ, ಬಹುಶಃ ದಾರಿ ತಪ್ಪಿ ಬಂದವಳೆಂದುಕೊಂಡ.

"ಏನು ಬೇಕಿತ್ತು ತಂಗೀ?"

"ಬೇಸ್ ಗಿಟಾರು."

"ಮಗನಿಗಾ?"

"ನನಗೆ."

ಅಜ್ಜ ಕನ್ನಡಕ ಹಣೆಗೇರಿಸಿದ. "ಆಯ್ತು. ಯಾವ ಥರದ ಸದ್ದು ಬೇಕು?"

"ಗೋಡೆಯಾಚೆಯಿಂದ ಬರುತ್ತಲ್ಲ, ಆ ಥರದ್ದು."

ಅಜ್ಜ ಐವತ್ತು ವರ್ಷ ವಾದ್ಯ ಮಾರಿದವನು. ಬಣ್ಣ ನೋಡಿ ಕೊಂಡವರುಂಟು, ತೂಕ ನೋಡಿ ಕೊಂಡವರುಂಟು, ಹೀಗೆ ಕೇಳಿದವರಿಲ್ಲ. ಲಿಫ್ಟಕ್ಕ ಬಿಡಿಸಿ ಹೇಳಿದಳು. "ಯಜಮಾನ್ರೇ, ನೀವು ಆ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡು ಒಂದೊಂದೇ ಬಾರಿಸಿ. ನಾನು ಇಲ್ಲೇ ನಿಂತಿರ್ತೀನಿ."

"ಓಹೋ! ನಾನು ಒಳಗೆ ಬಾಗಿಲು ಹಾಕ್ಕೊಳ್ಳೋದು, ನೀನು ಇಲ್ಲಿ ಗಲ್ಲಾಪೆಟ್ಟಿಗೆ ಪಕ್ಕ ನಿಂತ್ಕೊಳ್ಳೋದು. ಚೆನ್ನಾಗಿದೆ ವ್ಯಾಪಾರ!"

"ಬೇಕಾದ್ರೆ ನನ್ನ ಸ್ಪ್ಯಾನರ್ ಚೀಲ ಒಳಗಿಟ್ಕೊಳ್ಳಿ. ಅದಿಲ್ಲದೆ ನಾನೆಲ್ಲಿಗೂ ಹೋಗಲ್ಲ."

ಅಜ್ಜ ನಕ್ಕು ಒಳಗೆ ಹೋದ. ಲಿಫ್ಟಕ್ಕ ಗೋಡೆಗೆ ಅಂಗೈ ಇಟ್ಟು ಕಣ್ಣು ಮುಚ್ಚಿದಳು.

ಮೊದಲು ಬಾರಿಸಿದ್ದು ಐದು ತಂತಿಯ ಹೊಸ ಮಾದರಿ, ಕನ್ನಡಿಯಂತೆ ಹೊಳೆಯುವಂಥದ್ದು. ಗೋಡೆಗೆ ಬಂದದ್ದು ಬರೀ ಗುಂಯ್. ಎರಡನೆಯದು ಗಿಡ್ಡ ಕೊರಳಿನ ಹಗುರ ಗಿಟಾರು, ಹೆಂಗಸಿನ ಕೈಗೆ ಸರಿಯಾದೀತೆಂದು ಅಜ್ಜನೇ ಆರಿಸಿದ್ದು. ಅದರ ಸದ್ದು ಎಣ್ಣೆ ಹಚ್ಚಿದ ಹಾಗೆ ಜಾರಿಹೋಯಿತು, ಗೋಡೆಯನ್ನು ಹಿಡಿಯಲೇ ಇಲ್ಲ. ಮೂರನೆಯದು ಬಂದಾಗ ಅವಳ ಮೊಣಕೈವರೆಗೂ ಜುಮ್ಮೆಂದಿತು.

"ಮೂರನೇದು!" ಎಂದು ಕೂಗಿದಳು. "ಆದ್ರೆ ಅರ್ಧ ಸದ್ದೇ ಬಂತು."

"ಇನ್ನರ್ಧ ಎಲ್ಲಿ ಹೋಯ್ತು? ನಾನೇನು ಜೇಬಿಗೆ ಹಾಕ್ಕೊಂಡ್ನಾ?"

"ಪ್ರತಿ ಸಲ ಗುಂ ಅನ್ನೋಕೆ ಮುಂಚೆ ಟಕ್ ಅನ್ಬೇಕು. ಮೊಳೆ ಹೊಡೆದ ಹಾಗೆ."

ಒಳಗೆ ಅಜ್ಜ ಬೆರಳು ಬಿಟ್ಟು ಪಿಕ್ಕು ಹಿಡಿದ. ಉಗುರಿನಾಕಾರದ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ ಅದು. ಈಗ ಟಕ್ ಬಂತು. ಆದರೂ ಲಿಫ್ಟಕ್ಕ ತಲೆಯಾಡಿಸಿದಳು. "ಕುಂಟುತ್ತೆ. ಒಂದು ಜೋರು, ಒಂದು ಮೆತ್ತಗೆ."

"ಮೇಲೆ ಕೆಳಗೆ ಎರಡೂ ಕಡೆ ಎಳೀತಿದೀನಲ್ಲ, ಅದಕ್ಕೆ. ತಡಿ."

ಆಮೇಲೆ ಬಂದದ್ದು ಬರೀ ಕೆಳಮುಖದ ಹೊಡೆತ. ಟಕ್ ಟಕ್ ಟಕ್ ಟಕ್, ಒಂದೊಂದೂ ಅಚ್ಚಿನಲ್ಲಿ ತೆಗೆದ ಹಾಗೆ, ಒಂದೊಂದರ ಬೆನ್ನಿಗೂ ಗುಡುಗು. ಅಜ್ಜ ಬಾರಿಸಿ ಬಾರಿಸಿ ಮಣಿಕಟ್ಟು ಸೋತು ಹೊರಗೆ ಬಂದು ನೋಡಿದರೆ, ಗಿರಾಕಿ ಗೋಡೆಗೆ ಕೆನ್ನೆ ಒತ್ತಿಕೊಂಡು ಒಂಬತ್ತು ವರ್ಷದವಳಂತೆ ನಿಂತಿದ್ದಾಳೆ.

ಅಜ್ಜ ಮೆಲ್ಲಗೆ ಹೇಳಿದ. "ಇದು ಪಂಕು, ತಂಗೀ. ಬೆರಳಲ್ಲಿ ಬಾರಿಸಿದ್ರೆ ತಂತಿ ಮಾತಾಡುತ್ತೆ. ಪಿಕ್ಕಿನಲ್ಲಿ ಕೆಳಕ್ಕೇ ಹೊಡೆದ್ರೆ ಜಗಳ ಆಡುತ್ತೆ. ನಿನಗೆ ಯಾವುದು ಬೇಕು?"

"ಜಗಳ."

ಆ ಮೂರನೆಯದು ಎಲ್ಲರೂ ಮುಟ್ಟಿ ಬಿಟ್ಟುಹೋದ ಹಳೆಯ ಗಿಟಾರು. ಕಪ್ಪು ಬಣ್ಣ ಅಲ್ಲಲ್ಲಿ ಎದ್ದು ಮರ ಕಾಣುತ್ತಿತ್ತು. ಬಾಗಿಲ ಹಲಗೆಯಷ್ಟು ಭಾರ, ಉದ್ದ ಕೊರಳು, ಎರಡೇ ತಿರುಗುಗುಂಡಿ. ಅಜ್ಜ ಬುದ್ಧಿಯನ್ನೂ ಪುಕ್ಕಟೆ ಕೊಟ್ಟ. "ಹುಡುಗ್ರು ಹೆಗಲ ಪಟ್ಟಿ ಉದ್ದ ಬಿಟ್ಟು ಮೊಣಕಾಲವರೆಗೆ ಇಳಿಬಿಡ್ತಾರೆ, ನೋಡೋಕೆ ಚೆಂದ ಅಂತ. ನಿನ್ನ ಮಣಿಕಟ್ಟಿಗೆ ಅದು ಬೇಡ, ಹೊಟ್ಟೆಯ ಮಟ್ಟಕ್ಕಿರ್ಲಿ. ತಂತಿ ಕಟ್ಟಿರೋ ಬುಡದಲ್ಲಿ ಅಂಗೈ ಅಂಚು ಊರು, ಸದ್ದು ಚೆಲ್ಲಾಡಲ್ಲ. ಕೋಪ ಬಂದ್ರೆ ಜೋರಾಗಿ ಹೊಡಿ, ಬೇಗ ಹೊಡೀಬೇಡ."

ನಾಲ್ಕು ತಿಂಗಳು ಅವಳು ಮನೆಯಲ್ಲಿ ಬಾರಿಸಲಿಲ್ಲ. ಅರೆಬೆಂದದ್ದನ್ನು ಅಮ್ಮನಿಗೆ ಬಡಿಸಬಾರದೆಂದು ಹಟ. ಒಂದು ಕಚೇರಿ ಕಟ್ಟಡದ ನೆತ್ತಿಯಲ್ಲಿರುವ ಲಿಫ್ಟಿನ ಮೋಟಾರು ಕೋಣೆಯಲ್ಲಿ ಊಟದ ಬಿಡುವಿನ ಹೊತ್ತು ಅಭ್ಯಾಸ. ಬುತ್ತಿ ತಣ್ಣಗಾಗುತ್ತಿತ್ತು. ಎಡಗೈ ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದು, ಒಡೆದು, ಗಂಟು ಕಟ್ಟಿದವು. ಬಲಗೈ ಚಿಂತೆಯಿರಲಿಲ್ಲ. ಇಪ್ಪತ್ತು ವರ್ಷ ಸ್ಪ್ಯಾನರು ತಿರುಗಿಸಿದ ಮಣಿಕಟ್ಟು ಕೆಳಮುಖದ ಹೊಡೆತಕ್ಕೆ ಹೇಳಿಮಾಡಿಸಿದಂತಿತ್ತು. ಹಾಡನ್ನು ಹುಡುಕಬೇಕಾಗಿಯೇ ಇರಲಿಲ್ಲ. ಗಿಟಾರಿನ ಕೊರಳಿನ ಮೆಟ್ಟಿಲುಗಳ ಮೇಲೆ ಬೆರಳು ತಡಕುತ್ತ ಹೋದರೆ ಕೆನ್ನೆಯೇ ಹೇಳುತ್ತಿತ್ತು, ಇದಲ್ಲ, ಇದಲ್ಲ, ಹ್ಞಾಂ ಇದು.

ಒಪ್ಪಿಸಿ ನೋಡಬೇಕಲ್ಲ. ಹಳೆಯ ತಂಡದವರಲ್ಲಿ ಊರಲ್ಲಿ ಉಳಿದವನು ಡ್ರಮ್ಮಿನವನು ಒಬ್ಬನೇ. ಈಗ ಕಿಟಕಿಗಳಿಗೆ ಗಾಜು ಕೂರಿಸುತ್ತಾನೆ. ಎಲ್ಲರಿಗೂ ಗಾಜಿನಣ್ಣ. ಅಂಗಡಿಗೆ ಬೇಸು ಹೊತ್ತು ಬಂದವಳನ್ನು ನೋಡಿ ಅವನ ಕೈಯ ಅಳತೆಪಟ್ಟಿ ಕೆಳಗೆ ಬಿತ್ತು.

"ಪುಟ್ಟೀ! ಒಂದು ಗಳಿಗೆ ನಿಮ್ಮಕ್ಕನೇ ಬಂದ್ಳು ಅಂದ್ಕೊಂಡೆ ಕಣೇ. ಎದೆ ಧಸಕ್ಕಂತು."

"ಅವಳಷ್ಟು ಚೆಂದ ಇದೀನಾ?"

"ಇಲ್ಲ ಬಿಡು. ಅವಳಷ್ಟೇ ಸಿಡುಕು ಮೋರೆ."

ಗಾಜು ಕೂರಿಸುವ ಮೇಣದ ಖಾಲಿ ಡಬ್ಬಿ ಬೋರಲು ಹಾಕಿ, ಎರಡು ಮರದ ಪಟ್ಟಿ ಹಿಡಿದು ಕುಳಿತ. ಶುರುವಾಯಿತು. ಆರು ಸುತ್ತು ಮುಗಿಯುವಷ್ಟರಲ್ಲಿ ಗಾಜಿನಣ್ಣನ ನರೆತ ತಲೆ ಹುಡುಗನ ಹಾಗೆ ಕುಣಿಯುತ್ತಿತ್ತು, ಗೋಡೆಗೊರಗಿಸಿದ ಗಾಜುಗಳು ಗಲಗಲ ನಡುಗುತ್ತಿದ್ದವು. ಎಂಟನೆಯ ಸುತ್ತು. ಅವಳು ಗಕ್ಕನೆ ನಿಂತಳು. ಅವನು ನಿಲ್ಲಲಿಲ್ಲ, ಮುಂದಕ್ಕೆ ಓಡಿ ಬರಿಗಾಳಿಯಲ್ಲಿ ಮುಗ್ಗರಿಸಿದ.

"ಯಾಕೆ ನಿಲ್ಲಿಸ್ದೆ?"

"ನೀವ್ಯಾಕೆ ನಿಲ್ಲಿಸ್ಲಿಲ್ಲ? ಅಲ್ಲಿ ನಿಮ್ಮದೊಂದು ಧಡ್ ಬರ್ಬೇಕು."

"ನನ್ನದಾ? ಯಾವ ಧಡ್ಡೂ ಇಲ್ಲ. ಈ ಹಾಡು ಕಟ್ಟಿದಾಗ ನಿಲ್ಲೋ ಜಾಗವೇ ಇರ್ಲಿಲ್ಲ, ಕೊನೇವರೆಗೂ ಒಂದೇ ಓಟ."

"ಗಾಜಿನಣ್ಣಾ, ನನ್ನ ಕಿವಿಯಲ್ಲಿ ಕೇಳಿದೀನಿ. ದಿನಾ ಕೇಳಿದೀನಿ. ಗೋಡೆ ಅದುರೋ ಹಾಗೆ ಹೊಡೀತಿದ್ರಿ."

"ಏ ಹುಚ್ಚೀ, ನನ್ನ ಹತ್ರ ಇದ್ದದ್ದು ಬಟ್ಟೆ ಸುತ್ತಿದ ಬಕೆಟ್ಟು. ಅದ್ರಲ್ಲಿ ಗೋಡೆ ಎಲ್ಲಿಂದ ಅದುರ್ಬೇಕು?"

ಹೇಳುತ್ತ ಹೇಳುತ್ತ ಅವನ ಬಾಯಿ ತೆರೆದದ್ದು ತೆರೆದಂತೇ ನಿಂತಿತು. ಮರದ ಪಟ್ಟಿಗಳನ್ನು ಮೆಲ್ಲಗೆ ಕೆಳಗಿಟ್ಟ.

"ಅಯ್ಯೋ ಪುಟ್ಟೀ. ಅದು ನಿಮ್ಮಮ್ಮ."

"ಏನು?"

"ನಿಮ್ಮಮ್ಮ ಕಣೇ! ಆ ಕಡೆ ಕೋಣೆಯಿಂದ ಕತ್ತರಿ ಹಿಡಿಯಲ್ಲಿ ಗೋಡೆಗೆ ಗುದ್ದೋರು, ಸದ್ದು ಕಮ್ಮಿ ಮಾಡಿ ಅಂತ. ಜೋರಾಗೋದು ಎಂಟನೇ ಸುತ್ತಿನಲ್ಲಿ, ಗುದ್ದೂ ಅಲ್ಲೇ ಬೀಳೋದು. ನಿಮ್ಮಕ್ಕ ಏನ್ಮಾಡಿದ್ಳು, ಸರಿಯಾಗಿ ಅಲ್ಲಿಗೆ ಬಂದಾಗ ಕೈ ನಿಲ್ಲಿಸೋಕೆ ಶುರು ಮಾಡಿದ್ಳು. ಗುದ್ದು ಬೀಳ್ಲಿ ಅಂತ ಕಾಯೋಳು. ಬಿದ್ದ ತಕ್ಷಣ ಮತ್ತೆ ಶುರು. ನಾವೆಲ್ಲ ಬಾಯಿಗೆ ಬಟ್ಟೆ ತುರುಕಿಕೊಂಡು ನಗ್ತಿದ್ವಿ."

ಲಿಫ್ಟಕ್ಕನ ಕಣ್ಣ ಮುಂದೆ ಹೊಲಿಗೆ ಯಂತ್ರದ ಮೇಲಿನ ಗುಳಿ ಬಂದು ನಿಂತಿತು. ಯಂತ್ರದ ಚಕ್ರ ಅಷ್ಟೆತ್ತರಕ್ಕೆ ಹೇಗೆ ತಾಗೀತೆಂದು ಅವಳು ಒಂದು ದಿನವೂ ಯೋಚಿಸಿರಲಿಲ್ಲ.

"ಮನೆ ಬಿಟ್ಟ ಮೇಲೂ," ಎಂದ ಗಾಜಿನಣ್ಣ, ದನಿ ಇಳಿದಿತ್ತು. "ಯಾವ ಊರಲ್ಲಿ ಬಾರಿಸಿದ್ರೂ ಅಲ್ಲಿಗೆ ಬಂದು ನಿಲ್ಲಿಸೋಳು. ನಾನು ಬೈಯೋನು, ತಾಳ ಕೆಡಿಸ್ತೀಯ ಅಂತ. 'ಅಲ್ಲಿ ಅಮ್ಮ ಬರ್ತಾಳೆ' ಅನ್ನೋಳು. ತಮಾಷೆಗೆ ಅಂತಿದಾಳೆ ಅಂದ್ಕೊಂಡಿದ್ದೆ. ನಾನೂ ಆವಾಗ ಚಿಕ್ಕೋನು."

ವಾರದ ರಜೆಯ ದಿನ, ಊಟ ಮುಗಿದ ಮೇಲಿನ ಹೊತ್ತು. ಅಮ್ಮ ಎಂದಿನಂತೆ ಯಂತ್ರದ ಮುಂದೆ ಕುಳಿತಿದ್ದಳು. ಲಿಫ್ಟಕ್ಕ ನಡುಕೋಣೆಯ ಬಾಗಿಲು ಹಾಕಿಕೊಂಡು, ಗಿಟಾರಿನ ಜೊತೆಗೇ ಕೊಂಡಿದ್ದ ಸ್ಪೀಕರು ಪೆಟ್ಟಿಗೆಯನ್ನು ಅಮ್ಮನ ಗೋಡೆಗೆ ಮುಖ ಮಾಡಿಸಿದಳು. ಫೋನನ್ನು ಸ್ಟೂಲಿನ ಮೇಲಿಟ್ಟು, ಧ್ವನಿ ದಾಖಲಾಗುವಂತೆ ಗುಂಡಿ ಒತ್ತಿದಳು. ಅಜ್ಜನ ಮಾತು ನೆನೆದು ಪಟ್ಟಿಯನ್ನು ಒಂದು ತೂತು ಮೇಲಕ್ಕೆ ಬಿಗಿದಳು.

ಮೊದಲ ಸುತ್ತಿಗೇ ಆಚೆಗಿನ ಹೊಲಿಗೆಯ ಕಟಕಟ ನಿಂತಿತು. ಕೇಳಿಸಿದೆ! ಅವಳು ಕೆಳಕ್ಕೆ ಕೆಳಕ್ಕೆ ಹೊಡೆಯುತ್ತ ಹೋದಳು. ಎಂಟನೆಯ ಸುತ್ತು, ನಿಲುಗಡೆ.

ಏನೂ ಇಲ್ಲ.

ಮತ್ತೆ ಎಂಟು ಸುತ್ತು. ನಿಲುಗಡೆಯಲ್ಲಿ ಕೆಳಗಿನ ಬೀದಿಯ ಗಾಡಿಯ ಹಾರನ್ ಕೇಳಿಸಿತು, ಅಷ್ಟೇ. ಮೂರನೆಯ ಸಲವೂ ಗೋಡೆ ಗೋಡೆಯಾಗಿಯೇ ಇತ್ತು. ಅವಳ ಹಣೆಯ ಬೆವರು ಕಣ್ಣಿಗಿಳಿಯಿತು. ಕಿವಿ ಅಷ್ಟರಮಟ್ಟಿಗೆ ಹೋಗಿಬಿಟ್ಟಿದೆಯೋ, ಮನಸ್ಸೇ ಹೋಗಿದೆಯೋ? ಮೂವತ್ತನಾಲ್ಕು ವರ್ಷ ಕಾದದ್ದು ನಾಲ್ಕು ತಿಂಗಳ ಕಲಿಕೆಗೆ ಬರುತ್ತದೆಂದು ನಂಬಿದ ತನ್ನ ಪೆದ್ದುತನಕ್ಕೆ ಏನೆನ್ನಬೇಕು? ಇನ್ನೊಂದು ಸಲ, ಆಮೇಲೆ ಸಾಕು ಎಂದುಕೊಂಡಳು. ಆರು. ಏಳು. ಎಂಟು. ಕೈ ನಿಲ್ಲಿಸಿದಳು. ಒಂದು ಉಸಿರು, ಎರಡು ಉಸಿರು.

ಧಡ್!

ಗಾರೆಯ ಚೂರೊಂದು ಉದುರಿ ಸ್ಪೀಕರಿನ ಮೇಲೆ ಬಿತ್ತು. ಲಿಫ್ಟಕ್ಕನ ಕೈ ತಾನಾಗಿಯೇ ಓಡಿತು. ಆಮೇಲಿನ ಪ್ರತಿ ನಿಲುಗಡೆಗೂ ಗುದ್ದು ಬಿತ್ತು, ಒಂದಕ್ಕಿಂತ ಒಂದು ಜೋರಾಗಿ. ಹಾಡು ಮುಗಿಯುವ ಹೊತ್ತಿಗೆ ಅವಳಿಗೆ ತಂತಿಗಳೇ ಕಾಣುತ್ತಿರಲಿಲ್ಲ, ಎಲ್ಲ ಮಂಜು ಮಂಜು.

ಬಾಗಿಲು ತೆರೆಯಿತು. ಅಮ್ಮ, ಕೈಯಲ್ಲಿ ಕತ್ತರಿ. ಬೇಸನ್ನು ನೋಡಿದಳು. ಅದರ ನಾಲ್ಕು ತಂತಿಗಳನ್ನು ನೋಡಿದಳು. ಕತ್ತರಿಯನ್ನು ಬೆನ್ನ ಹಿಂದಕ್ಕೆ ಮರೆಮಾಡಿಕೊಂಡಳು.

"ನಿಲ್ಲಿಸೋದು ಜಾಸ್ತಿ ಆಯ್ತು ನಿನ್ನದು," ಎಂದಳು, ಕಿವಿ ಮಂದವಾದವರ ಎತ್ತರದ ದನಿಯಲ್ಲಿ. "ಅವಳು ಇಷ್ಟು ಹೊತ್ತು ನಿಲ್ಲಿಸ್ತಿರ್ಲಿಲ್ಲ. ಗುದ್ದು ಬಿದ್ದ ತಕ್ಷಣ ಶುರು ಮಾಡೋಳು, ಬೇಕು ಅಂತ್ಲೇ. ಹಟಮಾರಿ."

"ನಿನಗೆ ಗೊತ್ತಿತ್ತಾ ಅಮ್ಮಾ, ಅವಳು ಕಾಯ್ತಿದ್ದದ್ದು?"

"ಗೊತ್ತಿಲ್ದೆ ಏನು. ನಾನು ಮಾತ್ರ ಸುಮ್ನೆ ಗುದ್ದುತಿದ್ನಾ? ಎಂಟು ಎಣಿಸ್ಕೊಂಡು ಕೂತಿರ್ತಿದ್ದೆ." ಅಮ್ಮ ಉದುರಿದ ಗಾರೆಯ ಚೂರನ್ನು ಸ್ಪೀಕರಿನ ಮೇಲಿಂದ ಎತ್ತಿಕೊಂಡಳು. "ಆ ತಂತಿ ಕತ್ತರಿಸಿದ ದಿನ ಸಂಜೆಗೂ ಎಣಿಸ್ಕೊಂಡು ಕೂತಿದ್ದೆ. ಸದ್ದೇ ಬರ್ಲಿಲ್ಲ."

ಲಿಫ್ಟಕ್ಕ ಸ್ಟೂಲಿನ ಮೇಲಿನ ಫೋನು ತೋರಿಸಿ ಅಮ್ಮನ ಕಿವಿಯ ಹತ್ತಿರ ಬಾಗಿ ಕೇಳಿದಳು. "ಎಲ್ಲ ಇದ್ರಲ್ಲಿ ಸೇರಿದೆ. ನಿನ್ನ ಗುದ್ದೂ ಇದೆ. ಅಕ್ಕನಿಗೆ ಕಳಿಸ್ಲಾ?"

ಅಮ್ಮ ಗೋಡೆಯ ಕಡೆ ತಿರುಗಿ ನಿಂತಳು.

"ನನ್ನನ್ಯಾಕೆ ಕೇಳ್ತೀಯ," ಎಂದಳು. "ಗುದ್ದಿದ್ದು ಗುದ್ದಿ ಆಯ್ತಲ್ಲ."

ಕಳಿಸಿದಳು. ಆ ದಿನ ಏನೂ ಬರಲಿಲ್ಲ. ಮಾರನೇ ದಿನವೂ ಇಲ್ಲ. ಮೂರನೇ ದಿನ ಮಧ್ಯಾಹ್ನ, ಲಿಫ್ಟಕ್ಕ ಯಾವುದೋ ಕಟ್ಟಡದ ಬುಡದಲ್ಲಿ ಲಿಫ್ಟಿನ ಉಕ್ಕುಹಗ್ಗಕ್ಕೆ ಎಣ್ಣೆ ಹಚ್ಚುತ್ತಿದ್ದಾಗ ಒಂದೇ ಪದದ ಸಂದೇಶ ಬಂತು. "ಕೇಳಿಸ್ತು."

ಬರುತ್ತೇನೆಂದಿಲ್ಲ, ಬರುವುದಿಲ್ಲವೆಂದೂ ಇಲ್ಲ. ಲಿಫ್ಟಕ್ಕ ಅದನ್ನು ದೊಡ್ಡ ಅಕ್ಷರ ಮಾಡಿ ಅಮ್ಮನಿಗೆ ತೋರಿಸಿದಳು. ಅಮ್ಮ ಓದಿ, ಕನ್ನಡಕ ಒರೆಸಿಕೊಂಡು, ಮತ್ತೆ ಓದಿ, ಯಂತ್ರದ ಮುಂದೆ ಹೋಗಿ ಕುಳಿತಳು. ಸ್ವಲ್ಪ ಹೊತ್ತಿಗೆ ಎದ್ದು ಕುರ್ಚಿಯನ್ನು ಎಳೆದುಕೊಂಡು ಮುಂಬಾಗಿಲ ಪಕ್ಕಕ್ಕೆ ಬಂದಳು. ಆ ಗೋಡೆಯ ಆಚೆ ಬದಿಗೇ ಲಿಫ್ಟು ಓಡಾಡುವ ಬಾವಿ.

"ಕರೆಗಂಟೆ ನನಗೆ ಕೇಳಲ್ಲ," ಎಂದಳು. "ಲಿಫ್ಟು ನಮ್ಮ ಮಹಡೀಲಿ ನಿಂತ್ರೆ ಹೇಗೆ ಗೊತ್ತಾಗುತ್ತೆ, ತೋರ್ಸು."

ಲಿಫ್ಟಕ್ಕ ಅಮ್ಮನ ಕೈ ಹಿಡಿದು, ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳನ್ನು ಬಿಡಿಸಿ, ಅಂಗೈಯನ್ನು ಗೋಡೆಗೆ ಒತ್ತಿದಳು. ಕೆಳಗೆ ಯಾರೋ ಲಿಫ್ಟು ಹತ್ತಿದರು. ಗೋಡೆಯೊಳಗೆ ಸಣ್ಣದೊಂದು ಗುಂಯ್ ಮೇಲೇರತೊಡಗಿತು. ಒಂದು, ಎರಡು, ಮೂರು. ಅಮ್ಮ ಉಸಿರು ಬಿಗಿಹಿಡಿದು ಎಣಿಸುತ್ತಿದ್ದಳು.

ಲಿಫ್ಟು ಐದನೇ ಮಹಡಿಗೆ ಹೋಯಿತು. ಅಮ್ಮ ಕೈ ತೆಗೆಯಲಿಲ್ಲ.